ಕೋಗಳಿಯಲ್ಲಿ ನಾನು ನಡೆಸಿದ ಸರಪಳಿ ಕ್ರಿಯೆ

ಅಣುಶಕ್ತಿಯನ್ನು ಜನರಿಗೆ ತಿಳಿಸಿ ಹೇಳುವುದು ಬಹಳ ಕಷ್ಟ ಎಂದು ಯಾರೋ ಅಂದಾಗ ನಾನು ನಕ್ಕಿದ್ದೆ. ಹಗರಿಬೊಮ್ಮನಹಳ್ಳಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಭೌತಶಾಸ್ತ್ರ ಪಾಠ ಮಾಡುತ್ತಿರುವವನು ನಾನು. ಮಧ್ಯಾಹ್ನದ ಊಟ ಮುಗಿದ ಮೇಲಿನ ಪಿರಿಯಡ್ಡಿನಲ್ಲಿ, ಫ್ಯಾನು ನಿಂತ ಕೋಣೆಯಲ್ಲಿ, ತೂಕಡಿಸುವ ತೊಂಬತ್ತು ಮಕ್ಕಳ ಮುಂದೆ ಯುರೇನಿಯಂ ಒಡೆದು ತೋರಿಸಿದವನಿಗೆ ಊರ ಜನರ ಮುಂದೆ ಒಂದು ಗಂಟೆ ಮಾತಾಡುವುದು ಏನು ಮಹಾ!

ಹೀಗಿರುವಾಗ ಒಂದು ವಿಜ್ಞಾನ ಸಮಿತಿಯವರಿಂದ ಪತ್ರ ಬಂತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕುಗಳ ಹಳ್ಳಿಗಳಲ್ಲಿ ನಾನು ಅಣುಶಕ್ತಿಯ ಬಗ್ಗೆ ಉಪನ್ಯಾಸ ಕೊಡಬೇಕು, ಜನರ ಭಯ ಕಳೆಯಬೇಕು, ತಿಳಿವಳಿಕೆ ಮೂಡಿಸಬೇಕು, ಅವರ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರಿಸಬೇಕು. ಮೊದಲ ಊರನ್ನು ನಾನೇ ಆರಿಸಿಕೊಳ್ಳಬಹುದಿತ್ತು. ಹಿಂದೆಮುಂದೆ ನೋಡದೆ ಕೋಗಳಿ ಎಂದು ಬರೆದು ಕಳಿಸಿದೆ. ಕೋಗಳಿಯಲ್ಲಿ ಹಳೆಯ ಜೈನ ಬಸದಿ ಇದೆ, ಶಾಸನಗಳಿವೆ, ಇತಿಹಾಸವಿದೆ. ನಾನು ಆರಿಸಿದ್ದು ಅದ್ಯಾವುದಕ್ಕೂ ಅಲ್ಲ. ಕೋಗಳಿ ನನ್ನ ಹೆಂಡತಿ ಗಿರಿಜಾಳ ತವರು, ಅಲ್ಲಿ ನನ್ನ ಮಾವ ಇದ್ದಾರೆ.

ಮಾವ ಕೊಟ್ರಬಸಪ್ಪನವರು ಊರಿಗೆ ಹಿರಿಯರು, ಮಾತು ಕಡಿಮೆ. ಮದುವೆಯಾಗಿ ಹದಿನೇಳು ವರ್ಷವಾದರೂ ಅವರು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿಲ್ಲ. "ಬಂದ್ರಿ?" "ಉಂಡ್ರಿ?" "ಹೊಂಟ್ರಿ?" ಇವು ಪ್ರಶ್ನೆಗಳಲ್ಲ, ಹಾಜರಿ. ನಿಜವಾದ ಪ್ರಶ್ನೆಗಳೆಲ್ಲ ದೊಡ್ಡಳಿಯ ವೀರೇಶನಿಗೆ ಮೀಸಲು. ವೀರೇಶ ಗಿರಿಜಾಳ ಅಕ್ಕನ ಗಂಡ, ನನ್ನ ಷಡ್ಡಕ. ಕೊಟ್ಟೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬೋರಿನ ಮೋಟಾರು ಸುಟ್ಟರೆ ವೀರೇಶನನ್ನು ಕೇಳುತ್ತಾರೆ, ಸರಿ. ಮೊಣಕಾಲು ನೋವಿಗೂ ಅವನನ್ನೇ ಕೇಳುತ್ತಾರೆ. ಒಮ್ಮೆ ಗ್ರಹಣ ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ತಿಳಿಯಬೇಕಾಯಿತು. ಭೌತಶಾಸ್ತ್ರದ ಉಪನ್ಯಾಸಕ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದಾನೆ, ಮಾವ ಕೊಟ್ಟೂರಿಗೆ ಫೋನು ಹಚ್ಚಿದರು! ಅವನು ಹೇಳಿದ ಹೊತ್ತು ಸರಿಯಾಗಿಯೂ ಇತ್ತು.

ಆದ್ದರಿಂದ ಸತ್ಯ ಹೇಳಿಬಿಡುತ್ತೇನೆ. ದೇಶಕ್ಕೆ ವಿದ್ಯುತ್ತು, ಜನರಿಗೆ ಜ್ಞಾನ, ಇವೆಲ್ಲ ಪತ್ರದಲ್ಲಿದ್ದ ಉದ್ದೇಶಗಳು. ನನ್ನ ಉದ್ದೇಶ ಒಂದೇ. ಭಾಷಣ ಮುಗಿದ ಮೇಲೆ ಮಾವ ನನ್ನ ಕಡೆ ತಿರುಗಿ, ನಾಲ್ಕು ಜನರ ಮುಂದೆ, ಏನಾದರೂ ಒಂದು ಕೇಳಬೇಕು!

"ಕೋಗಳಿ ಯಾಕ್ರೀ? ಬ್ಯಾರೆ ಊರು ಸಿಗಲಿಲ್ಲೇನು?" ಅಂದಳು ಗಿರಿಜಾ.

"ನಿನ್ನ ತವರು ಮಾರಾಯ್ತಿ. ಜನ ಪರಿಚಯ ಅದಾರೆ."

"ಅದಕ್ಕ ಬ್ಯಾಡ ಅಂದಿದ್ದು. ಬ್ಯಾರೆ ಊರಾಗ ಏನರ ಹೆಚ್ಚುಕಮ್ಮಿ ಆದ್ರ ನಿಮಗೊಬ್ಬರಿಗೆ. ನಮ್ಮೂರಾಗ ಆದ್ರ ನಮ್ಮಪ್ಪಗ."

"ಬರೀ ಭಾಷಣ ಗಿರಿಜಾ! ಭಾಷಣದಾಗ ಏನಾಗ್ತತಿ?"

ಗಿರಿಜಾ ಸುಮ್ಮನಾದಳು. ಅವಳು ಸುಮ್ಮನಾದರೆ ನಾನು ಅದನ್ನು ಒಪ್ಪಿಗೆ ಎಂದು ತಿಳಿಯುತ್ತೇನೆ. ಈ ತಿಳಿವಳಿಕೆ ಇದುವರೆಗೆ ಒಮ್ಮೆಯೂ ನಿಜವಾಗಿಲ್ಲ.

ಎರಡು ವಾರ ತಯಾರಿ ನಡೆಸಿದೆ. ಐವತ್ತಾರು ಚಿತ್ರಗಳು, ಪ್ರೊಜೆಕ್ಟರು, ಒಂದು ಹೊಸ ಅಂಗಿ. ಅಡುಗೆಮನೆಯಲ್ಲಿ ನಿಂತು ಗಿರಿಜಾಳಿಗೇ ಭಾಷಣ ಒಪ್ಪಿಸಿದೆ. ಅಣುಸ್ಥಾವರದಿಂದ ವಿದ್ಯುತ್ತು ಬರುತ್ತದೆ, ಅದೇ ವಿಜ್ಞಾನದಿಂದ ಕ್ಯಾನ್ಸರಿಗೆ ಚಿಕಿತ್ಸೆ ಸಿಗುತ್ತದೆ, ಉಳ್ಳಾಗಡ್ಡಿ ಮೊಳಕೆಯೊಡೆಯದಂತೆ ವಿಕಿರಣ ಹಾಯಿಸಿ ಕಾಪಾಡಬಹುದು ಎಂದೆಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ, "ಉಳ್ಳಾಗಡ್ಡಿ ಸುದ್ದಿ ಮೊದಲ ಹೇಳ್ರಿ, ಮಂದಿ ಕೂಡ್ತಾರ. ಅಣು ಅಂತ ಶುರು ಮಾಡಿದ್ರ ಎದ್ದು ಹೊಲಕ್ಕ ಹೋಗ್ತಾರ" ಅಂದಳು. ವಿಷಯ ತಿಳಿಯದವರ ಸಲಹೆ ಎಂದು ಅದನ್ನು ಬದಿಗಿಟ್ಟೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕೋಗಳಿಯ ಸಮುದಾಯ ಭವನದಲ್ಲಿ ಸಭೆ. ಮಾವನ ಮನೆಯಿಂದ ಕೂಗಳತೆ. ಐವತ್ತು ಅರವತ್ತು ಮಂದಿ ಬಂದಿದ್ದರು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾವ. ಅವರ ಪಕ್ಕದಲ್ಲಿ, ನನ್ನ ಭಾಷಣ ಕೇಳಲೆಂದೇ ಕೊಟ್ಟೂರಿನಿಂದ ಬಂದ ವೀರೇಶ. ಒಳ್ಳೆಯ ಮನುಷ್ಯ, ಅದೇ ತೊಂದರೆ! ಗಿರಿಜಾ ಅವಳಮ್ಮನ ಜೊತೆ ಮನೆಯಲ್ಲಿ ಅಡುಗೆಗೆ ನಿಂತಳು.

ನಾನು ಗಂಟಲು ಸರಿಮಾಡಿಕೊಂಡು ಪ್ರೊಜೆಕ್ಟರಿನ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮೈಕಿನ ಗುಂಡಿ ಒತ್ತಿದೆ. ಅದೂ ಇಲ್ಲ.

"ಕರೆಂಟು ಒಂಬತ್ತಕ್ಕ ಹೋಗೇತ್ರಿ ಸರ" ಎಂದು ಹಿಂದಿನಿಂದ ಒಬ್ಬರು ತಿಳಿಸಿದರು.

"ಮತ್ತೆ ಯಾವಾಗ ಬರ್ತತಿ?"

"ಮೂರಕ್ಕ ಬಂದ್ರ ಬಂತು. ಕರೆಂಟಿನ ಮ್ಯಾಲೆ ಅಲ್ಲೇನ್ರಿ ನಿಮ್ಮ ಭಾಷಣ?"

ಸಭೆ ನಕ್ಕಿತು. ನಾನೂ ನಕ್ಕೆ, ದೊಡ್ಡವರು ತಮ್ಮ ಮೇಲಿನ ಹಾಸ್ಯಕ್ಕೆ ಹೀಗೆ ನಗುತ್ತಾರೆಂದು ಕೇಳಿದ್ದೆ. ಚಿತ್ರಗಳಿಲ್ಲದೆ, ಮೈಕಿಲ್ಲದೆ ಬರೀ ಗಂಟಲಿನ ಬಲದಿಂದ ಶುರುಮಾಡಿದೆ. ಅಣು, ಅಣುವಿನ ಕೇಂದ್ರ, ನ್ಯೂಟ್ರಾನು. ಹತ್ತನೇ ನಿಮಿಷಕ್ಕೆ ಎರಡನೇ ಸಾಲಿನವರು ಹೊಲದ ಕಡೆ ನೋಡತೊಡಗಿದರು.

"ಅಣು ಅಂದ್ರ ಬಾಂಬ್ ಅಲ್ಲೇನ್ರಿ?" ಎಂದರು ಒಬ್ಬರು.

"ಒಳ್ಳೇ ಪ್ರಶ್ನೆ! ಬಾಂಬಿನಲ್ಲಿ ತಡೆಯೋರು ಯಾರೂ ಇರೋದಿಲ್ಲ. ಸ್ಥಾವರದಾಗ ಎಲ್ಲಾ ಹದ್ದುಬಸ್ತಿನಲ್ಲಿ ಇರ್ತತಿ. ನ್ಯೂಟ್ರಾನುಗಳನ್ನು ನುಂಗೋ ಸರಳುಗಳಿರ್ತಾವೆ. ಜಾಸ್ತಿ ಆತು ಅಂದ್ರೆ ಸರಳು ಇಳಿಸಿ ತಣ್ಣಗೆ ಮಾಡ್ತಾರೆ."

"ಆ ಕರೆಂಟು ಬಂದ್ರ ನಮಗ ಹಗಲೊತ್ತಿನಾಗ ತ್ರೀ ಫೇಸ್ ಕೊಡಸ್ತೀರೇನು?"

ಈ ಪ್ರಶ್ನೆಗೆ ಸಭೆ ಚಪ್ಪಾಳೆ ತಟ್ಟಿತು. ನನ್ನ ಮಾತಿಗೆ ಅದುವರೆಗೆ ಯಾರೂ ತಟ್ಟಿರಲಿಲ್ಲ. ಉತ್ತರ ಹುಡುಕುತ್ತಿರುವಾಗ ನನ್ನ ಕಣ್ಣು ಮುಂದಿನ ಸಾಲಿಗೆ ಹೋಯಿತು. ಮಾವ ವೀರೇಶನ ಕಿವಿಗೆ ಬಾಗಿ ಮೆಲ್ಲಗೆ ಕೇಳುತ್ತಿದ್ದರು. ಮೆಲ್ಲಗೆ ಎಂದರೂ ನನಗೆ ಸ್ಪಷ್ಟವಾಗಿ ಕೇಳಿತು.

"ಯುರೇನಿಯಂ ಅಂದ್ರ ಏನಪಾ ವೀರೇಶಪ್ಪಾ?"

ನಾನು ವೇದಿಕೆಯ ಮೇಲೆ ನಿಂತು ಅರ್ಧ ಗಂಟೆಯಿಂದ ಯುರೇನಿಯಂ ಬಗ್ಗೆಯೇ ಕೂಗುತ್ತಿದ್ದೇನೆ! ವೀರೇಶ ಎರಡು ಮಾತಿನಲ್ಲಿ ಏನೋ ಹೇಳಿದ. ಮಾವ ತಲೆದೂಗಿದರು. ನನಗೆ ಆದ ಸಂಕಟ ಹೇಳಲಾರೆ. ಅಷ್ಟರಲ್ಲಿ ವೀರೇಶನಿಗೆ ಫೋನು ಬಂತು, ಯಾರದೋ ಮೋಟಾರು ಸುಟ್ಟಿತ್ತು, ಅವನು ಕೈಮುಗಿದು ಎದ್ದು ಹೋದ. ಇದೇ ಸಮಯ ಎಂದುಕೊಂಡೆ. ಇವರಿಗೆ ಮಾತು ಸಾಲದು, ಕಣ್ಣಿಗೆ ಕಾಣುವಂತೆ ಏನಾದರೂ ಮಾಡಿ ತೋರಿಸಬೇಕು.

ಎದುರಿಗೆ ಗಂಗಮ್ಮಜ್ಜಿ ಕೂತಿದ್ದಳು. ಎಂಬತ್ತರ ಮುದುಕಿ, ಮಾವನ ಮನೆಯ ಓಣಿಯವಳೇ. ಮಡಿಲಲ್ಲಿ ಸಂಚಿ ಬಿಚ್ಚಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅದನ್ನು ನೋಡಿದ ಕೂಡಲೇ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಆ ಮಿಂಚು ಹೊಳೆಯದೇ ಇದ್ದಿದ್ದರೆ ಇವತ್ತು ನಾನು ಕೋಗಳಿಯಲ್ಲಿ ತಲೆ ಎತ್ತಿಕೊಂಡು ತಿರುಗುತ್ತಿದ್ದೆ.

"ಅಜ್ಜೀ, ನಿಮ್ಮ ಸಂಚಿ ಸ್ವಲ್ಪ ಕೊಡ್ರಿ" ಎಂದು ಇಸಿದುಕೊಂಡೆ. ಒಂದು ಎಲೆ, ಒಂದು ಅಡಿಕೆ ಚೂರು ಎತ್ತಿ ಸಭೆಗೆ ತೋರಿಸಿದೆ. "ನೋಡ್ರಿ, ಇದು ನ್ಯೂಟ್ರಾನು ಅಂತ ತಿಳೀರಿ. ಇದನ್ನ ನಾನು ಇಬ್ಬರಿಗೆ ಕೊಡ್ತೀನಿ. ಆ ಇಬ್ಬರೂ ತಮ್ಮ ಮನೆಯಿಂದ ಎಲಿ-ಅಡಿಕಿ ತಗೊಂಡು ಮತ್ತೆ ಇಬ್ಬಿಬ್ಬರಿಗೆ ಕೊಡಬೇಕು. ಅವರು ಮತ್ತೆ ಇಬ್ಬಿಬ್ಬರಿಗೆ. ಎರಡು ನಾಕಾಗ್ತತಿ, ನಾಕು ಎಂಟಾಗ್ತತಿ. ಇದಕ್ಕೇ ಸರಪಳಿ ಕ್ರಿಯೆ ಅಂತಾರೆ! ಎಲಿ ಸಿಕ್ಕೋರೆಲ್ಲಾ ಸರಿಯಾಗಿ ಒಂದು ಗಂಟೆಗೆ ನಮ್ಮ ಮಾವನವರ ಮನೆ ಮುಂದೆ ಬರ್ರಿ. ಎಣಿಸಿ ತೋರಿಸ್ತೀನಿ."

ಅದುವರೆಗೆ ಆಕಳಿಸುತ್ತಿದ್ದ ಸಭೆ ನೆಟ್ಟಗೆ ಕೂತಿತು. ಹೊಲದ ಕಡೆ ನೋಡುತ್ತಿದ್ದವರು ನನ್ನ ಕಡೆ ನೋಡಿದರು. ಗಂಗಮ್ಮಜ್ಜಿಗೆ ಅವಳದೇ ಎಲೆಯನ್ನು ಎರಡೂ ಕೈಯಿಂದ, ಬಾಗಿ, ನಗುತ್ತಾ ಕೊಟ್ಟೆ. ಇನ್ನೊಂದನ್ನು ಪಕ್ಕದ ಹಿರಿಯರೊಬ್ಬರಿಗೆ ಕೊಟ್ಟೆ. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡು, ಬಹಳ ಗೌರವದಿಂದ ಕೇಳಿದರು:

"ಮನಿಗೊಬ್ಬರೋ, ಮನಿಮಂದೆಲ್ಲಾನೋ?"

ಎಂಥ ವೈಜ್ಞಾನಿಕ ಮನೋಭಾವ! ಎಷ್ಟು ಜನ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳುತ್ತಿದ್ದಾರೆ! ನನ್ನ ವಿದ್ಯಾರ್ಥಿಗಳು ಇಪ್ಪತ್ತು ವರ್ಷದಲ್ಲಿ ಇಂಥ ಪ್ರಶ್ನೆ ಕೇಳಿಲ್ಲ.

"ಮನಿಮಂದೆಲ್ಲಾ ಬರ್ರಿ!" ಎಂದೆ. "ಎಷ್ಟು ಹೆಚ್ಚು ಮಂದಿ ಬಂದ್ರೆ ನನಗಷ್ಟು ಸಂತೋಷ!"

ಮಾವ ನನ್ನನ್ನೇ ನೋಡುತ್ತಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ನಾನು ಒಂದು ಹೆಜ್ಜೆ ಮುಂದೆ ಬಂದೆ. ಅವರು ವೀರೇಶನ ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿ ಬಾಯಿ ಮುಚ್ಚಿಕೊಂಡರು. ಸಭೆ ಎರಡೇ ನಿಮಿಷದಲ್ಲಿ ಖಾಲಿಯಾಯಿತು. ಇಷ್ಟು ಚುರುಕಾಗಿ ವಿಜ್ಞಾನದ ಕೆಲಸಕ್ಕೆ ಹೊರಟ ಜನರನ್ನು ನಾನು ಎಲ್ಲೂ ಕಂಡಿರಲಿಲ್ಲ.

ಮನೆಗೆ ಬಂದು ಜಗಲಿಯ ಮೇಲೆ ನೋಟುಬುಕ್ಕು, ಪೆನ್ನು ಹಿಡಿದು ಕೂತೆ. ಒಳಗೆ ಅತ್ತೆ ಎಂಟು ಜನಕ್ಕೆ ಅಡುಗೆ ಮಾಡಿದ್ದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅನ್ನ ಸಾರು.

"ಒಂದು ಗಂಟೆಗೆ ಸ್ವಲ್ಪ ಮಂದಿ ಬರ್ತಾರೆ, ಎಣಿಸೋದು ಐತಿ" ಎಂದು ಗಿರಿಜಾಳಿಗೆ ಹೇಳಿದೆ.

"ಯಾಕ?"

"ವಿಜ್ಞಾನ."

ಹನ್ನೆರಡೂವರೆಗೆ ಮೊದಲ ಮನೆಯವರು ಬಂದರು. ಗಂಡ, ಹೆಂಡತಿ, ಮೂರು ಮಕ್ಕಳು, ಒಬ್ಬ ಅಜ್ಜ. ಎಲ್ಲರೂ ಒಗೆದ ಬಟ್ಟೆ ಹಾಕಿಕೊಂಡು ತಲೆ ಬಾಚಿಕೊಂಡಿದ್ದರು. ಅಜ್ಜನ ಕೈಯಲ್ಲಿ ನೀರಿನ ತಂಬಿಗೆ ಇತ್ತು. ಬಿಸಿಲು ಜೋರಿದೆ, ಬಾಯಾರಿಕೆಗೆ ತಂದಿರಬೇಕು ಎಂದುಕೊಂಡು ಆರು ಗೀಟು ಹಾಕಿದೆ. ಮುಂದಿನ ಮನೆಯವರ ಕೈಯಲ್ಲೂ ತಂಬಿಗೆ. ಅದರ ಮುಂದಿನವರ ಕೈಯಲ್ಲೂ. ಹನ್ನೆರಡೂ ಮುಕ್ಕಾಲರ ಹೊತ್ತಿಗೆ ಓಣಿಯ ಎರಡೂ ಕಡೆ ಜನ ಸಾಲಾಗಿ, ನೆರಳು ನೋಡಿ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಎಣಿಸಲು ಎಷ್ಟು ಅನುಕೂಲ ಮಾಡಿಕೊಡುತ್ತಿದ್ದಾರೆ ಎಂದು ನನಗೆ ಹೃದಯ ತುಂಬಿ ಬಂತು. ತೋಟದ ಮನೆಗಳಿಂದ ಒಂದು ಟ್ರ್ಯಾಕ್ಟರ್ ತುಂಬ ಜನ ಬಂದಿಳಿದಾಗ ಗೀಟು ಹಾಕುವುದನ್ನು ಬಿಟ್ಟು ಒಳಗೆ ಕೂಗಿದೆ.

"ಗಿರಿಜಾ! ಹೊರಗೆ ಬಂದು ನೋಡು! ಪ್ರಯೋಗ ಗೆದ್ದಿತು!"

ಗಿರಿಜಾ ಹಿಟ್ಟಿನ ಕೈಯಲ್ಲೇ ಬಂದಳು. ಓಣಿ ನೋಡಿದಳು. ತಂಬಿಗೆ ನೋಡಿದಳು. ಜನರ ಕೈಯಲ್ಲಿದ್ದ ಎಲೆ ನೋಡಿದಳು. ನನ್ನನ್ನು ನೋಡಿದಳು.

"ಇವರೆಲ್ಲಾ ಯಾಕ ಬಂದಾರ್ರೀ?"

"ನ್ಯೂಟ್ರಾನುಗಳು!"

ಅಷ್ಟರಲ್ಲಿ ಗಂಗಮ್ಮಜ್ಜಿ ಕುಪ್ಪಸದ ಖಣ, ತೆಂಗಿನಕಾಯಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. "ಉಡಿ ಒಡ್ಡವಾ ಗಿರಿಜವ್ವಾ. ಏನ್ ಕಾರ್ಯ ಇಟ್ಕೊಂಡೀರಿ? ಒಬ್ಬಾಕಿ ನಿನ್ನ ಮಗಳು ದೊಡ್ಡಾಕಿ ಆಗ್ಯಾಳ ಅಂತಾಳ, ಇನ್ನೊಬ್ಬಾಕಿ ನಿನ್ನ ಗಂಡಗ ದೊಡ್ಡ ಹುದ್ದಿ ಆಗೇತಿ ಅಂತಾಳ. ಏನರ ಇರ್ಲಿ, ಬರಿಗೈಲೆ ಹೆಂಗ ಬರೂದು?"

"ಎಲಿ ಯಾರು ಕೊಟ್ರು ಅಜ್ಜೀ?"

"ಅಯ್ಯ, ಅಳಿಯಂದ್ರ ಕೊಟ್ಟಾರವಾ! ಎರಡೂ ಕೈಲೆ, ನಗಕೋಂತ. ಮನಿಮಂದೆಲ್ಲಾ ಅಂತ ಬಾಯಿ ಬಿಟ್ಟು ಹೇಳ್ಯಾರ."

ಗಿರಿಜಾ ಉಡಿ ಒಡ್ಡಿದಳು. ಅಜ್ಜಿಯ ಹಿಂದೆ ಇನ್ನೂ ಹನ್ನೆರಡು ಹೆಂಗಸರು ಕಾಯಿ ಹಿಡಿದು ನಿಂತಿದ್ದರು. ಅವರೆಲ್ಲರ ಕಾಯಿ ಇಸಿದುಕೊಂಡು, ನಗುತ್ತಲೇ ಬಾಗಿಲ ಮರೆಗೆ ಬಂದು, ನಗು ನಿಲ್ಲಿಸಿ ನನ್ನ ತೋಳು ಹಿಡಿದಳು.

"ನಮ್ಮೂರಾಗ ಎಲಿ-ಅಡಿಕಿ ಕೊಟ್ಟು, ಇಂಥಾ ಹೊತ್ತಿಗೆ ಇಂಥಾ ಮನಿಗೆ ಬರ್ರಿ ಅಂದ್ರ ಊಟಕ್ಕ ಕರದಂಗ. ಅದಕ್ಕ ಎಲ್ಲರೂ ನೀರಿನ ತಂಬಿಗಿ ಹಿಡಕೊಂಡು ಬಂದಾರ. ಮನಿಮಂದೆಲ್ಲಾ ಅಂದ್ರ ಆವತ್ತು ಅವರ ಮನ್ಯಾಗ ಒಲಿ ಹಚ್ಚಂಗಿಲ್ಲ. ಹದಿನೇಳು ವರ್ಷ ಆತು, ನಿಮಗ ಇಷ್ಟೂ ತಿಳೀಲಿಲ್ಲಾ? ನಮ್ಮ ಮದುವಿಗೂ ಹಿಂಗ ಊರು ಕರದಿದ್ರು!"

"ನಾನು ಮದುಮಗ ಗಿರಿಜಾ. ನನಗೆ ಯಾರು ಎಲೆ ಕೊಡಬೇಕು?" ಎಂದೆ. "ಹಂಗಾದ್ರೆ ಈಗ..."

"ಈಗ ಊರಾಗ ಯಾರ ಮನ್ಯಾಗೂ ಅಡಿಗಿ ಇಲ್ಲ. ಎಲ್ಲರಿಗೂ ಹಸಿವಾಗೇತಿ. ನಮ್ಮನ್ಯಾಗ ಎಂಟು ಮಂದಿದು ಅನ್ನ ಐತಿ."

ತಪ್ಪು ಒಪ್ಪಿಕೊಳ್ಳುವುದೇ ವಿಜ್ಞಾನಿಯ ಲಕ್ಷಣ. ಜಗಲಿಯ ಅಂಚಿಗೆ ಹೋಗಿ ಕೈ ಎತ್ತಿ, "ಮಹನೀಯರೇ, ಇದು ಬರೀ ಒಂದು ಪ್ರಯೋಗ..." ಎಂದು ಆರಂಭಿಸಿದೆ. ಊಟಕ್ಕೆ ಮುಂಚಿನ ಎರಡು ಮಾತು ಎಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ಗಿರಿಜಾ ಹಿಂದಿನಿಂದ ನನ್ನ ಹೊಸ ಅಂಗಿ ಹಿಡಿದು ಎಳೆದಳು. ಹೊಲಿಗೆ ಬಿಚ್ಚಿತು.

"ಸುಮ್ಮನ ಇರ್ರಿ! ಎಲಿ ಕೊಟ್ಟು ಕರದು ಊಟ ಇಲ್ಲ ಅಂದ್ರ ನಮ್ಮಪ್ಪ ನಾಳಿಂದ ಊರಾಗ ಹೆಂಗ ಅಡ್ಡಾಡಬೇಕು?"

ಅದೇ ಹೊತ್ತಿಗೆ ಮಾವ ಒಳಗಿನಿಂದ ಬಂದರು. ಅವರು ಮಗಳಿಗೆ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. "ನೀನೂ ನಿನ್ನ ಗಂಡನೂ ಕೂಡಿ ಏನೋ ಊಟದ್ದು ವ್ಯವಸ್ಥಾ ಮಾಡಿಸೀರಿ ಅಂತ ತಿಳ್ಕೊಂಡ್ನೆವಾ. ಸಭಾದಾಗ ಕೇಳಬೇಕು ಅನಿಸಿತ್ತು. ವೀರೇಶಪ್ಪ ಇದ್ದಿದ್ರ ಅವನ್ನ ಕೇಳ್ತಿದ್ದೆ."

ಒಂದು ಪ್ರಶ್ನೆ! ಒಂದೇ ಒಂದು ಪ್ರಶ್ನೆಯನ್ನು ಅವರು ನನ್ನನ್ನು ಕೇಳಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ಹಾಗೆಂದು ಹೇಳಲು ಹೋಗಿ ಅವರ ಮುಖ ನೋಡಿದೆ. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಆ ಮನೆಯ ಬಾಗಿಲಿಗೆ ಬಂದು ಹಸಿದು ಹೋದವರು ಯಾರೂ ಇಲ್ಲ ಎಂಬುದು ಆ ಮನುಷ್ಯನ ದೊಡ್ಡ ಹೆಮ್ಮೆ. ನಾನು ಅದನ್ನು ಒಂದು ಎಲೆಯಿಂದ ಅಲುಗಾಡಿಸಿಬಿಟ್ಟಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದರು. ಸಾಲಿನಲ್ಲಿ ಕೂತಿದ್ದ ನೆರೆಮನೆಯ ಇಬ್ಬರು ಹೆಂಗಸರನ್ನು ಹೆಸರು ಹಿಡಿದು ಕರೆದರು. "ಮಂದಿ ಅನಕೊಂಡಕ್ಕಿಂತ ಜಾಸ್ತಿ ಆಗ್ಯಾರವಾ. ನೀವು ಮನಿಗೆ ಹೋಗಿ ಒಂದೊಂದು ದೊಡ್ಡ ಪಾತ್ರಿ ಅನ್ನಕ್ಕ ಇಡ್ರಿ. ಹೋಗ್ತಾ ನೀವೂ ಇಬ್ಬಿಬ್ಬರಿಗೆ ಹೇಳ್ರಿ. ಅವರೂ ಇಬ್ಬಿಬ್ಬರಿಗೆ ಹೇಳಲಿ. ಅಲ್ಲಿಗೆ ಸಾಕು, ಮುಂದ ಯಾರಿಗೂ ಹೇಳಬ್ಯಾಡ್ರಿ."

ಎರಡು, ನಾಲ್ಕು, ಎಂಟು. ಹದಿನಾಲ್ಕು ಒಲೆಗಳು ಹತ್ತಿದವು, ಹದಿನೈದನೆಯದು ಹತ್ತಲಿಲ್ಲ. ಎರಡು ವಾರ ತಯಾರಿ ಮಾಡಿಯೂ ನಾನು ಮರೆತಿದ್ದ ಭಾಗವನ್ನು, ಕ್ರಿಯೆಯನ್ನು ತಡೆಯುವುದನ್ನು, ಅತ್ತೆ ಒಂದೇ ಉಸಿರಿಗೆ ಮಾಡಿ ಮುಗಿಸಿದ್ದರು!

"ನೀವೊಂದು ಉಪಕಾರ ಮಾಡ್ರಿ" ಅಂದಳು ಗಿರಿಜಾ. "ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ರಿ. ಊರ ಹೊರಗಿನೋರು ಯಾರರ ಎಲಿ ಹಿಡಕೊಂಡು ಬಂದ್ರ ಇಸ್ಕೊಂಡು ವಾಪಸ್ ಕಳಸ್ರಿ. ಇಲ್ಲಿ ಇರಬ್ಯಾಡ್ರಿ."

ಅಣುಸ್ಥಾವರದ ಸರಳಿನ ಕೆಲಸ ನನಗೆ ಸಿಕ್ಕಿತು. ಬಿಸಿಲಲ್ಲಿ ಹರಿದ ಅಂಗಿ ಹಾಕಿಕೊಂಡು ನಿಂತೆ. ಸ್ವಲ್ಪ ಹೊತ್ತಿಗೆ ಹಗರಿಬೊಮ್ಮನಹಳ್ಳಿಯ ಬಸ್ಸು ಬಂತು. ಕಂಡಕ್ಟರ್ ಇಳಿದು ಸಂತೋಷದಿಂದ ಕೈ ಕುಲುಕಿದ.

"ಸರ, ಹನ್ನೊಂದರ ಟ್ರಿಪ್ಪಿನಾಗ ನನಗೂ ಎಲಿ ಬಂತ್ರಿ! ಇಬ್ಬರಿಗೆ ಕೊಡಬೇಕು ಅಂದ್ರು. ಒಂದು ನಮ್ಮ ಡ್ರೈವರ್‌ಗೆ ಕೊಟ್ಟೆ. ಇನ್ನೊಂದು ಯಾರಿಗೆ ಕೊಡೂದು ಅಂತ ನೋಡಾಕ ಹತ್ತಿದ್ದೆ, ಸ್ಟ್ಯಾಂಡಿನಾಗ ನಿಮ್ಮ ಪ್ರಿನ್ಸಿಪಾಲರು ಸಿಕ್ರು!"

ಹಿಂದಿನ ಬಾಗಿಲಿನಿಂದ ಪ್ರಿನ್ಸಿಪಾಲರು ಇಳಿದರು. ರೇಷ್ಮೆ ಸೀರೆ ಉಟ್ಟ ಅವರ ಹೆಂಡತಿ ಇಳಿದರು. ಒಂದು ದೊಡ್ಡ ಗೋಡೆ ಗಡಿಯಾರದ ಡಬ್ಬಿಯೂ ಇಳಿಯಿತು.

"ಏನ್ರೀ, ಮನೆಯಲ್ಲಿ ಶುಭಕಾರ್ಯ ಇಟ್ಕೊಂಡು ನನಗೆ ಕಂಡಕ್ಟರ್ ಕೈಯಲ್ಲಿ ಹೇಳಿಕಳಿಸೋದಾ?" ಎಂದರು ಪ್ರಿನ್ಸಿಪಾಲರು. ಅವರನ್ನು ವಾಪಸ್ ಕಳಿಸುವಷ್ಟು ಬಲವಾದ ಸರಳು ನಾನಾಗಿರಲಿಲ್ಲ. ಗಡಿಯಾರ ಹೊತ್ತುಕೊಂಡು ಅವರನ್ನು ಕರೆದುಕೊಂಡು ಬಂದೆ.

ಓಣಿಯಲ್ಲಿ ಅಷ್ಟು ಹೊತ್ತಿಗೆ ವೀರೇಶ ಬಂದುಬಿಟ್ಟಿದ್ದ. ಮಾವ ಫೋನು ಹಚ್ಚಿದ್ದರು, ಇನ್ನೇನು! ಅವನು ಹಗರಿಬೊಮ್ಮನಹಳ್ಳಿಯಿಂದ ಒಂದು ಗೂಡ್ಸ್ ಆಟೋ ತುಂಬ ಮಂಡಕ್ಕಿ, ಮಿರ್ಚಿ, ಬೂಂದಿ, ಕಟ್ಟುಗಟ್ಟಲೆ ಪೇಪರ್ ತಟ್ಟೆ ತಂದಿದ್ದ. ಹದಿನಾಲ್ಕು ಮನೆಯಿಂದ ಅನ್ನ ಬಂತು, ಯಾರ ಮನೆಯದೋ ಸಾರು, ಯಾರ ಮನೆಯದೋ ಉಪ್ಪಿನಕಾಯಿ ಬಂತು. ಹೀಗೆ ಊರಿನವರು ತಾವೇ ಬೇಯಿಸಿದ ಅನ್ನವನ್ನು ನಮ್ಮ ಮನೆಯ ಊಟವೆಂದು ಹೊಗಳುತ್ತ ಉಂಡರು. ಪಂಕ್ತಿ ಏಳುವ ಹೊತ್ತಿಗೆ ಸಮುದಾಯ ಭವನಕ್ಕೆ ಕರೆಂಟೂ ಬಂತು, ಖಾಲಿ ಸಭೆಗೆ ನನ್ನ ಮೊದಲ ಚಿತ್ರ ಕಾಣುತ್ತಿದೆ ಎಂದು ಯಾರೋ ಬಂದು ಹೇಳಿದರು.

ನಾನು ನೀರು ಬಡಿಸುತ್ತಿದ್ದೆ. ಗಂಗಮ್ಮಜ್ಜಿ ಪ್ರಿನ್ಸಿಪಾಲರ ಹೆಂಡತಿಗೆ ಏನೋ ವಿವರಿಸುತ್ತಿದ್ದಳು.

"ನಾ ಇಬ್ಬರಿಗೆ ಕೊಟ್ನೆವಾ. ಅವರು ನಾಕು ಮಂದಿಗೆ ಕೊಟ್ರು. ಯಾರೂ ತಡೀಲಿಲ್ಲ, ಊರ ಬಂತು. ಬಾಂಬ್ ಅಂದ್ರ ಇದ ನೋಡು. ನಡಕ ಒಂದಷ್ಟು ಮಂದಿ ಎಲಿ ಇಸ್ಕೊಂಡು, ಯಾರಿಗೂ ಕೊಡದ, ಬಾಯಿಗೆ ಹಾಕ್ಕೊಂಡು ಸುಮ್ಮನ ಜಗದಿದ್ರ ಹದಕ್ಕ ಇರತಿತ್ತು. ಆಗ ಕರೆಂಟು ಬರ್ತತಿ. ಅಳಿಯಂದ್ರು ಮುಂಜಾನಿ ಇದನ್ನ ಹೇಳಾಕ ಒದ್ದಾಡತಿದ್ರು ಪಾಪ."

ನನ್ನ ಐವತ್ತಾರು ಚಿತ್ರಗಳಲ್ಲಿ ಇಷ್ಟು ಸರಿಯಾದ ವಿವರಣೆ ಒಂದೂ ಇರಲಿಲ್ಲ. "ಜನರ ಪಾಲ್ಗೊಳ್ಳುವಿಕೆ ಅಮೋಘ" ಎಂದು ಪ್ರಿನ್ಸಿಪಾಲರು ಎರಡನೇ ಬಾರಿ ಬೂಂದಿ ಹಾಕಿಸಿಕೊಂಡು, ಐದೂ ತಾಲೂಕಿನಲ್ಲಿ ಹೀಗೇ ಆಗಬೇಕೆಂದು ಹರಸಿದರು. ಗಿರಿಜಾ ಮಾತ್ರ ನನ್ನ ಪಕ್ಕ ಹಾದುಹೋಗುವಾಗ, "ಹಡಗಲಿಗೆ ಹೋದಾಗ ಕಿಸೇದಾಗ ಏನೇನ್ ಐತಿ ಅಂತ ನಾನ ನೋಡಿ ಕಳಸ್ತೀನಿ" ಅಂದಳು.

ಜನ ಕೈ ತೊಳೆದು, ಮಾವನಿಗೆ ಕೈಮುಗಿದು, ಊಟ ಭಾರಿ ಆಯಿತೆಂದು ಹೇಳಿ ಹೋದರು. ಮಾವನ ಮುಖಕ್ಕೆ ಬಣ್ಣ ಮರಳಿತು. ನನಗೂ ಜೀವ ಬಂತು. ಓಣಿ ಖಾಲಿಯಾದಾಗ ಅಲ್ಲಿ ಉಳಿದದ್ದು ಪೇಪರ್ ತಟ್ಟೆಗಳ ದೊಡ್ಡ ಗುಡ್ಡೆ ಮಾತ್ರ. ಮಾವ ಅದರ ಮುಂದೆ ಬಹಳ ಹೊತ್ತು ನಿಂತರು. ಪಕ್ಕದಲ್ಲಿ ವೀರೇಶ ನಿಂತಿದ್ದ. ಅವನು ಅಲ್ಲೇ ಇದ್ದಾಗಲೂ ಮಾವ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಅಳಿಯಂದ್ರ, ನಿಮ್ಮನ್ನೊಂದು ಮಾತು ಕೇಳ್ತೀನಿ."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಕೇಳ್ರಿ ಮಾವ! ಕೇಳ್ರಿ!"

"ಈ ತಟ್ಟಿಗೆ ಪ್ಲಾಸ್ಟಿಕ್ ಹಾಳಿ ಅಂಟಿಸ್ಯಾರ. ಇವು ಕೊಳಿಯಂಗಿಲ್ಲ. ಸುಟ್ರ ಕೆಟ್ಟ ಹೊಗಿ. ತಿಪ್ಪಿಗೆ ಹಾಕಿದ್ರ ದನ ತಿಂದು ಸಾಯ್ತಾವ. ಉಂಡೋರು ಉಂಡು ಹೋದ್ರು. ಉಳಿದಿದ್ದನ್ನ ಏನ್ ಮಾಡಬೇಕ್ರಿ?"

ಹದಿನೇಳು ವರ್ಷ ಕಾದ ಪ್ರಶ್ನೆ! ಅದೂ ಎಂಥದ್ದು! ಅಣುಶಕ್ತಿಯ ವಿಷಯ ಬಂದಲ್ಲೆಲ್ಲ ತಿಳಿದವರು ಕೊನೆಗೆ ಕೇಳುವುದು ಇದನ್ನೇ. ಸ್ಥಾವರದಲ್ಲಿ ಉರಿದು ಉಳಿದ ಕಸವನ್ನು ಎಲ್ಲಿಡುತ್ತೀರಿ? ಬೆಳಗಿನ ಸಭೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಬಾಯಿಬಿಟ್ಟಿರಲಿಲ್ಲ. ಆದರೆ ಉತ್ತರ ನನಗೆ ಗೊತ್ತಿತ್ತು. ಎದೆ ಉಬ್ಬಿಸಿದೆ. ಹರಿದ ಅಂಗಿ ಇನ್ನಷ್ಟು ಹರಿಯಿತು.

"ವಿಜ್ಞಾನದ ಪ್ರಕಾರ, ಮಾವ, ಅಂಥದ್ದನ್ನ ಭದ್ರವಾಗಿ ಕಟ್ಟಿ, ಗಟ್ಟಿ ನೆಲ ನೋಡಿ, ಬಹಳ ಆಳಕ್ಕೆ ಅಗೆದು ಹೂಳಬೇಕು."

ಮಾವ ಯೋಚಿಸಿದರು. ಮೆಲ್ಲಗೆ ತಲೆದೂಗಿದರು. "ಛಲೋ ಹೇಳಿದ್ರಿ" ಅಂದರು. ನನಗೆ! ವೀರೇಶನ ಎದುರಿಗೇ! ಆ ಒಂದು ಕ್ಷಣ ನನಗೆ ಇನ್ನೇನೂ ಬೇಕಿರಲಿಲ್ಲ.

ಮಾವ ಒಳಗೆ ಹೋಗಿ ಒಂದು ಗುದ್ದಲಿ ತಂದು, ಬಹಳ ಗೌರವದಿಂದ, ಎರಡೂ ಕೈಯಿಂದ ನನ್ನ ಕೈಗೆ ಕೊಟ್ಟರು. ಹಿತ್ತಲಿನ ಗಟ್ಟಿ ನೆಲ ತೋರಿಸಿದರು. ನಾನು ಎತ್ತಿ ಒಂದೇಟು ಹಾಕಿದೆ. ಗುದ್ದಲಿ ನೆಲಕ್ಕೆ ಬಡಿದು ಪುಟಿದು ನನ್ನ ಕೈಯಿಂದಲೇ ಹಾರಿಹೋಯಿತು. ಮಾವ ಅದನ್ನೂ ನನ್ನನ್ನೂ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ಹಿಂದೆ ಬಂದಿದ್ದ ವೀರೇಶನ ಕಡೆ ತಿರುಗಿದರು.

"ವೀರೇಶಪ್ಪಾ, ಗುದ್ದಲಿ ಹಿಡಿಯೂದು ಹೆಂಗಪಾ? ಇವರಿಗೊಂಚೂರು ತೋರಿಸು ಬಾ."

ತೋರಿಸಿದ!